ಉಪ್ಪಿನ ಕೈ

ಹೋಟೆಲು ಮಾರುವ ವಿಷಯದಲ್ಲಿ ಮನೆಯವರು ಯಾರೂ ಜಗಳವಾಡಲಿಲ್ಲ. ಇದರಿಂದ ಬೀದಿಯವರಿಗೆ ಕೊಂಚ ನಿರಾಸೆಯೇ ಆಯಿತು. ಅಣ್ಣತಮ್ಮಂದಿರ ಆಸ್ತಿ, ಮೂಲೆಯ ನಿವೇಶನ, ಕೊಳ್ಳಲು ಬಂದವನು ದೊಡ್ಡ ಬಿಲ್ಡರ್. ಇಷ್ಟೆಲ್ಲ ಇದ್ದೂ ಒಂದು ಏರುದನಿ ಹೊರಗೆ ಕೇಳಲಿಲ್ಲವೆಂದರೆ ಎದುರಿನ ಕ್ಷೌರದಂಗಡಿಯವನು ಯಾವ ಸುದ್ದಿ ಹೇಳಿಕೊಂಡು ಕತ್ತರಿ ಆಡಿಸಬೇಕು? ಅಣ್ಣನ ಮಂಡಿ ಗಲ್ಲಾದ ಎತ್ತರದ ಕುರ್ಚಿ ಹತ್ತಲು ಒಪ್ಪುತ್ತಿರಲಿಲ್ಲ, ತಮ್ಮನ ಸೊಂಟ ತಟ್ಟೆ ಹೊರಲು ಒಪ್ಪುತ್ತಿರಲಿಲ್ಲ, ಮಹಡಿಯ ತೊಲೆ ಇಬ್ಬರಿಗಿಂತ ಮೊದಲೇ ಕೈಚೆಲ್ಲಿತ್ತು. ಅಣ್ಣನ ಮಗಳು ನರ್ಸು, ತಮ್ಮನ ಮಗ ಬಸ್ಸಿನ ಮೆಕ್ಯಾನಿಕ್ಕು. ಬಂದು ಉಂಡು ಹೋಗುವುದರಾಚೆ ಹೋಟೆಲಿನ ಮೇಲೆ ಇಬ್ಬರಿಗೂ ಆಸೆಯಿರಲಿಲ್ಲ. ಹಳೆಯದನ್ನು ಕೆಡವಿ ಎಬ್ಬಿಸುವ ಎತ್ತರದ ಕಟ್ಟಡದಲ್ಲಿ ಬಿಲ್ಡರು ಅಣ್ಣನಿಗೊಂದು, ತಮ್ಮನಿಗೊಂದು ಅಕ್ಕಪಕ್ಕದ ಮನೆ ಕೊಡುತ್ತಾನೆ, ಉಳಿದದ್ದು ಬ್ಯಾಂಕಿಗೆ. ಸಹಿ ಹಾಕಿದರು, ಟೀ ಕುಡಿದರು, ಮುಗಿಯಿತು.

ಮುಗಿಯದೆ ಉಳಿದದ್ದು ಒಂದು ಪ್ರಶ್ನೆ. ಅದನ್ನು ಕೇಳಿದವಳು ಬಿಲ್ಡರ್ ಕಡೆಯ ಇಂಜಿನಿಯರ್ ಹುಡುಗಿ. ಎರಡು ಮನೆಗೂ ಸೇರಿಸಿ ನಡುವೆ ಒಂದೇ ದೊಡ್ಡ ಅಡುಗೆಮನೆ ಮಾಡಬಹುದು, ಇಲ್ಲವೇ ಬೇರೆಬೇರೆ ಮಾಡಬಹುದು. ಹೋಟೆಲು ಮುಚ್ಚುವ ದಿನ ಸಂಜೆ ಬಂದು ಕೇಳಿಕೊಂಡು ಹೋಗುತ್ತೇನೆ, ಆಮೇಲೆ ನಕ್ಷೆ ಬದಲಿಸಲು ಬರುವುದಿಲ್ಲ ಎಂದಳು. ಅಣ್ಣ ನಕ್ಕುಬಿಟ್ಟ. ಈ ಮನೆಯಲ್ಲಿ ಒಲೆ ಒಂದೇ, ಅದನ್ನೂ ಕೇಳಬೇಕೇ ಎಂಬ ನಗು. ತಮ್ಮನೂ ನಕ್ಕ. ಮೂಲೆಯಲ್ಲಿ ಈರುಳ್ಳಿ ಹೆಚ್ಚುತ್ತಿದ್ದ ಚಿಕ್ಕವಳು ಮಾತ್ರ ನಗಲಿಲ್ಲ.

ಚಿಕ್ಕವಳು ಎಂದರೆ ತಮ್ಮನ ಹೆಂಡತಿ. ಸೊಸೆಯಾಗಿ ಬಂದ ದಿನ ಅತ್ತೆ ಇಟ್ಟ ಹೆಸರು. ಈಗ ತಲೆ ಅರ್ಧ ನರೆತಿದ್ದರೂ ಹೆಸರು ಬೆಳೆದಿರಲಿಲ್ಲ. ಅವಳ ಓರಗಿತ್ತಿ, ಭಾವನ ಹೆಂಡತಿ, ಮನೆಗೂ ಬೀದಿಗೂ ದೊಡ್ಡಕ್ಕ.

ಚಿಕ್ಕವಳಿಗೆ ತನ್ನದೇ ಆದ ಅಡುಗೆಮನೆ ಬೇಕಿತ್ತು. ಇದನ್ನು ಗಂಡನ ಹತ್ತಿರವೂ ಬಾಯಿಬಿಟ್ಟಿರಲಿಲ್ಲ. ಬೇರೆ ಒಲೆ ಎಂದರೆ ಮನೆ ಒಡೆದಂತೆ ಎಂದು ಯಾರಿಗೆ ತಾನೆ ಗೊತ್ತಿಲ್ಲ? ಬಾಯಿಬಿಟ್ಟಿದ್ದರೆ, ಓರಗಿತ್ತಿಯರಿಗೆ ಒಳಗೊಳಗೇ ಆಗಿಬರುತ್ತಿರಲಿಲ್ಲವಂತೆ ಎಂದು ಕ್ಷೌರದಂಗಡಿಯವನು ಒಂದೊಂದು ಗಡ್ಡಕ್ಕೂ ಒಂದೊಂದು ಸಲ ಹೇಳುತ್ತಿದ್ದ. ಅದು ಶುದ್ಧ ಸುಳ್ಳಾಗುತ್ತಿತ್ತು. ಚಾಕು ಹಿಡಿಯಲು ಬಾರದೆ ಬಂದವಳಿಗೆ ಬೆರಳು ಉಳಿಸಿಕೊಳ್ಳುವುದನ್ನು ಕಲಿಸಿದವಳು ದೊಡ್ಡಕ್ಕ. ಬೈಯುವುದಿದ್ದರೆ ತಾನೇ ಬೈಯುತ್ತಿದ್ದಳು, ಆ ಅವಕಾಶವನ್ನು ಬೇರೆ ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ.

ಇದ್ದದ್ದು ಉಪ್ಪಿನ ವಿಷಯ. ಅತ್ತೆಯ ಕಾಲದಲ್ಲಿ ಒಂದು ಮಧ್ಯಾಹ್ನ ಒಂದೇ ಪಾತ್ರೆಗೆ ಮೂರು ಜನ, ಒಬ್ಬರಿಗೊಬ್ಬರು ತಿಳಿಯದೆ, ಉಪ್ಪು ಹಾಕಿ ಊಟಕ್ಕೆ ಬಂದವರೆಲ್ಲ ನಲ್ಲಿಯ ಮುಂದೆ ಸಾಲುಗಟ್ಟಿದ್ದರು. ಅಂದಿನಿಂದ ಅತ್ತೆ ಮಾಡಿದ ಕಟ್ಟಳೆ: ಅಡುಗೆಮನೆಯಲ್ಲಿ ಕೈ ಎಷ್ಟಾದರೂ ಇರಲಿ, ಉಪ್ಪಿನ ಕೈ ಒಂದೇ. ಮೊದಲು ಅದು ಅತ್ತೆಯದು, ಆಮೇಲೆ ದೊಡ್ಡಕ್ಕನದು. ಮೇಜುಗಳ ಮೇಲೆ ಉಪ್ಪಿನ ಡಬ್ಬಿ ಇಡುವಂತೆಯೂ ಇರಲಿಲ್ಲ. ಅದು ಅಡುಗೆಯವಳ ಮುಖಕ್ಕೆ ಹೊಡೆದ ಹಾಗೆ ಎಂದು ಅತ್ತೆಯ ಅಭಿಪ್ರಾಯ. ಮಹಡಿಯ ಮೇಲಿನ ಮನೆಯಲ್ಲಿ ಟೀ ಕಾಯಿಸುವ ಸ್ಟೌವ್ ಬಿಟ್ಟರೆ ಒಲೆಯೇ ಇರಲಿಲ್ಲ. ಊಟವೆಲ್ಲ ಕೆಳಗಿನದೇ. ಹೀಗೆ ಚಿಕ್ಕವಳು ವರ್ಷಗಟ್ಟಲೆ ಹೆಚ್ಚಿದಳು, ಹುರಿದಳು, ಕುದಿಸಿದಳು, ಕದಡಿದಳು; ಒಂದು ಪಾತ್ರೆಗೂ ಒಂದು ಚಿಟಿಕೆ ಉಪ್ಪು ಹಾಕಲಿಲ್ಲ. ಮದುವೆಗೆ ಮುಂಚೆ ತವರಿನಲ್ಲಿ ತಾಯಿ ಹಾಕಲು ಬಿಡುತ್ತಿರಲಿಲ್ಲ. ತನ್ನ ಅಡುಗೆಯ ರುಚಿ ಹೇಗಿರುತ್ತದೆ ಎಂದು ಯಾರಾದರೂ ಕೇಳಿದ್ದರೆ ಅವಳು ನಿಜವಾಗಿಯೂ ಗೊತ್ತಿಲ್ಲ ಎನ್ನಬೇಕಾಗುತ್ತಿತ್ತು. ತಿಳಿದುಕೊಳ್ಳಬೇಕು ಅನ್ನಿಸುತ್ತಿತ್ತು, ಅಷ್ಟೇ.

ಮುಚ್ಚುವ ದಿನ ಜನ ಬಾಗಿಲು ದಾಟಿ ಫುಟ್‌ಪಾತಿನವರೆಗೆ ನಿಂತರು. ವರ್ಷಕ್ಕೊಮ್ಮೆ ಟೀ ಕುಡಿಯಲೂ ಬಾರದವರು ಈ ಹೋಟೆಲಿಲ್ಲದೆ ಬದುಕುವುದು ಹೇಗೆ ಎಂದು ಕೇಳುತ್ತಿದ್ದರು. ಬೆಳಗಿನ ಅಡುಗೆಗೆಲ್ಲ ಉಪ್ಪು ಹಾಕಿ ಮುಗಿಸಿದ ದೊಡ್ಡಕ್ಕ, ಎಂದೂ ಇಲ್ಲದ ಹಾಗೆ, ಏಪ್ರನ್ ಬಿಚ್ಚಿ ಮೊಳೆಗೆ ಸಿಕ್ಕಿಸಿ ಹೊರಗೆ ಹೋಗಿ ಮೇಜುಗಳ ನಡುವೆ ನಿಂತುಬಿಟ್ಟಳು. ಒಳಗೆ ಮಧ್ಯಾಹ್ನದ ಬಟಾಣಿ ಸೂಪು ದೊಡ್ಡ ಪಾತ್ರೆಯಲ್ಲಿ ಕುದಿದು ಹದಕ್ಕೆ ಬಂತು. ಚಿಕ್ಕವಳು ಬಡಿಸುವ ಕಿಟಕಿಯಿಂದ ತಲೆ ಹಾಕಿ, ಸೂಪು ಆಯಿತು ಅಕ್ಕ ಎಂದಳು. ದೊಡ್ಡಕ್ಕ ನಿವೃತ್ತ ಮೇಷ್ಟ್ರ ಯಾವುದೋ ಉದ್ದನೆಯ ಕತೆಯ ನಡುವಿನಿಂದಲೇ ಕೈ ಬೀಸಿದಳು. ನನ್ನ ಕೆಲಸ ಮುಗಿಸಿಯೇ ಬಂದಿದ್ದೇನೆ, ಕಳಿಸು ಎಂದು ಚಿಕ್ಕವಳು ಅರ್ಥ ಮಾಡಿಕೊಂಡಳು. ಕಳಿಸಿದಳು.

ಮುಂದಿನದು ಹೋಟೆಲಿನ ಇತಿಹಾಸದಲ್ಲೇ ನಡೆದಿರದ ಸಂಗತಿ. ಸೂಪು ಕುಡಿದವರೆಲ್ಲ ಹೊಗಳತೊಡಗಿದರು. ಮೇಷ್ಟ್ರು ಕಣ್ಣು ಮುಚ್ಚಿ ಕುಡಿದು, ಇದರಲ್ಲಿ ಒಂದು ಸರಳತೆ ಇದೆ ಎಂದರು. ಸ್ಟೇಷನರಿ ಅಂಗಡಿಯಾಕೆ ಮೂಗೊರೆಸಿಕೊಂಡು ಇನ್ನೊಂದು ಬಟ್ಟಲು ಕೇಳಿದಳು. ಗಲ್ಲಾದ ಮೇಲಿದ್ದ ಭಾವ ಎಲ್ಲರಿಗೂ ಕೈ ಮುಗಿಯುತ್ತ ಖುಷಿಯಾಗಿಯೇ ಇದ್ದರು, ಗೋಡೆಯ ಪಕ್ಕದ ಮೇಜಿನ ದರ್ಜಿ ಬಾಯಿಬಿಡುವ ತನಕ. ದರ್ಜಿ ದಿನವೂ ಬಂದು ದಿನವೂ ಒಂದು ತಪ್ಪು ಹುಡುಕಿ, ನಾಳೆಯಿಂದ ಬರುವುದಿಲ್ಲ ಎಂದು ಹೇಳಿ ಹೋಗುವವನು. ಅಂಥವನು ಬಟ್ಟಲು ಖಾಲಿ ಮಾಡಿ, ಇವತ್ತಿನ ಸೂಪಿಗೆ ಸರಿಸಾಟಿಯಿಲ್ಲ ಎಂದ. ಭಾವನ ಮುಖ ಬಿಳಿಚಿಕೊಂಡಿತು. ನೋಯುವ ಮಂಡಿಯನ್ನೂ ಮರೆತು ಕುರ್ಚಿಯಿಂದಿಳಿದು, ಹೆಂಡತಿಯನ್ನು ಕರೆದುಕೊಂಡು ನೇರ ಅಡುಗೆಮನೆಗೆ ಬಂದರು.

"ದರ್ಜಿ ಹೊಗಳಿದ. ಏನೋ ಎಡವಟ್ಟಾಗಿದೆ, ನೋಡೇ."

ದೊಡ್ಡಕ್ಕ ಸೌಟಿನಿಂದ ಅಂಗೈಗೆ ಸುರಿದುಕೊಂಡು ನೆಕ್ಕಿದಳು. ಮತ್ತೊಮ್ಮೆ ನೆಕ್ಕಿದಳು. ಒಂದು ಹರಳು ಉಪ್ಪೂ ಬಿದ್ದಿರಲಿಲ್ಲ. ಅಷ್ಟು ಜನ, ಕೊನೆಯ ದಿನ ಮನಸ್ಸು ನೋಯಿಸುವುದು ಯಾಕೆಂದು, ಉಪ್ಪಿನ ಬಗ್ಗೆ ಚಕಾರವೆತ್ತದೆ ಕುಡಿದಿದ್ದರು.

ಚಿಕ್ಕವಳು ಸೌಟು ಕಸಿದು ತಾನೂ ನೆಕ್ಕಿ ನೋಡಿದಳು. "ನೀವು ಹಾಕಿದೀರ ಅಂದ್ಕೊಂಡೆ ಅಕ್ಕ. ಕೈ ಬೀಸಿದ್ರಲ್ಲ."

"ನೀನೇ ಹಾಕು ಅಂತ ಬೀಸಿದ್ದು ಕಣೇ. ಬೆಳಗ್ಗಿಂದ ಹೊರಗೆ ನಿಂತು ಆ ಮೇಷ್ಟ್ರ ಕತೆ ಯಾಕೆ ಕೇಳಿಸ್ಕೊಂಡೆ ಅಂತೀಯ? ಒಳಗಿದ್ರೆ ನನ್ನ ಕೈ ಸುಮ್ನಿರಲ್ಲ ಅಂತ."

ಒಂದು ಮಾತು ಹೇಳಬಹುದಿತ್ತಲ್ಲ ಎಂದು ಚಿಕ್ಕವಳು ಗೊಣಗಿದಳು.

"ಅತ್ತೆ ನಂಗೆ ಹೇಳಿದ್ರಾ? ಒಂದಿನ ಡಬ್ಬಿ ಇಟ್ಟು ಹಿತ್ತಿಲ ಮೆಟ್ಟಿಲ ಮೇಲೆ ಹೋಗಿ ಕೂತ್ರು. ನಾನು ಹಾಕಿದೆ. ಅಲ್ಲಿಗೆ ಕೈ ನಂದಾಯ್ತು. ನಿಂಗೋಸ್ಕರ ನಾನೂ ಎಷ್ಟು ಸಲ ಹೋಗಿ ಕೂತೆ, ಗೊತ್ತಾ? ಪ್ರತಿ ಸಲ ನೀನು ಹುಡುಕ್ಕೊಂಡು ಬಂದು, ರಟ್ಟೆ ಹಿಡಿದು ಕರ್ಕೊಂಡು ಹೋದೆ."

ಚಿಕ್ಕವಳಿಗೆ ಆ ದಿನಗಳು ನೆನಪಾದವು. ಹಿತ್ತಿಲ ಮೆಟ್ಟಿಲ ಮೇಲೆ ದೊಡ್ಡಕ್ಕ ಒಬ್ಬಳೇ ಕೂತಿರುವುದನ್ನು ಕಂಡು, ಪಾಪ, ತಲೆ ಸುತ್ತಿರಬೇಕು ಎಂದು ನೀರು ಕೊಟ್ಟು, ಬೆನ್ನು ನೀವಿ, ಎಬ್ಬಿಸಿಕೊಂಡು ಬಂದು ಪಾತ್ರೆಯ ಮುಂದೆ ನಿಲ್ಲಿಸುತ್ತಿದ್ದಳು. ಒಮ್ಮೆ ಡಾಕ್ಟರ ಹತ್ತಿರವೂ ಕರೆದೊಯ್ದಿದ್ದಳು. ಡಾಕ್ಟರು ಏನೂ ಇಲ್ಲ ಎಂದಾಗ, ದೊಡ್ಡ ಡಾಕ್ಟರಿಗೆ ತೋರಿಸೋಣ ಎಂದು ಗಂಡನನ್ನು ಕಾಡಿದ್ದಳು.

ದೊಡ್ಡಕ್ಕ ಉಪ್ಪಿನ ಡಬ್ಬಿ ಎತ್ತಿ ಅವಳ ಮುಂದೆ ಕುಕ್ಕಿದಳು. ಎರಡನೆಯ ಪಾತ್ರೆ ಕುದಿಯುತ್ತಿತ್ತು. ಭಾವ ಗಲ್ಲಾ ಮರೆತು ನಿಂತಿದ್ದರು. ತಟ್ಟೆಗಳನ್ನು ಒಯ್ಯಲು ಬಂದ ಗಂಡನೂ ನಿಂತ. ಚಿಕ್ಕವಳು ಒಂದು ಹಿಡಿ ಹಾಕಿದಳು, ಕದಡಿದಳು, ನೆಕ್ಕಿದಳು, ಇನ್ನರ್ಧ ಹಿಡಿ ಹಾಕಿದಳು, ನಿಲ್ಲಿಸಿದಳು. ದೊಡ್ಡಕ್ಕ ರುಚಿ ನೋಡಿದಳು.

"ಸ್ವಲ್ಪ ಕಮ್ಮಿ."

"ನಂಗೆ ಸರಿಯಾಗಿದೆ," ಎಂದಳು ಚಿಕ್ಕವಳು. ಹೇಳಿದ ಮೇಲೆ ಅವಳಿಗೇ ಆಶ್ಚರ್ಯವಾಯಿತು. ದೊಡ್ಡಕ್ಕ ಏನೋ ಹೇಳಹೊರಟು, ನುಂಗಿಕೊಂಡು, ಮೇಷ್ಟ್ರ ಕತೆಯ ಉಳಿದ ಭಾಗ ಕೇಳಲು ಹೊರಗೆ ಹೋದಳು. ಆ ಸೂಪು ಹೊರಗೆ ಹೋದ ಮೇಲೆ ಹೊಗಳಿಕೆ ಎಷ್ಟು ಬೇಕೋ ಅಷ್ಟಕ್ಕಿಳಿಯಿತು. ದರ್ಜಿ ಬ್ರೆಡ್ಡು ಗಟ್ಟಿ ಎಂದ. ಭಾವ ನೆಮ್ಮದಿಯಿಂದ ಕುರ್ಚಿ ಹತ್ತಿದರು.

ಸಂಜೆ, ಬೆಂಚುಗಳನ್ನು ಮೇಜುಗಳ ಮೇಲೆ ಮಗುಚಿ ಹಾಕುತ್ತಿದ್ದಾಗ, ಇಂಜಿನಿಯರ್ ಹುಡುಗಿ ನಕ್ಷೆಯ ಸುರುಳಿ ಹಿಡಿದು ಬಂದಳು. ಭಾವ ಬಾಯಿ ತೆರೆಯುವಷ್ಟರಲ್ಲಿ ಚಿಕ್ಕವಳು ಅಡುಗೆಮನೆಯ ಬಾಗಿಲಲ್ಲಿ ನಿಂತು ಹೇಳಿಬಿಟ್ಟಳು:

"ಬೇರೆಬೇರೆ ಮಾಡಿ. ನಂಗೆ ನಂದೇ ಬೇಕು."

ಗಂಡನ ಕೈಯಲ್ಲಿದ್ದ ಬೆಂಚು ಅರ್ಧದಲ್ಲೇ ನಿಂತಿತು. ಭಾವ ಹೆಂಡತಿಯ ಮುಖ ನೋಡಿದರು. ಚಿಕ್ಕವಳು ಮಾತ್ರ ಆ ಕಡೆ ನೋಡಲಿಲ್ಲ, ನೋಡಿದ್ದರೆ ಮಾತು ವಾಪಸು ತೆಗೆದುಕೊಳ್ಳುತ್ತಿದ್ದಳೋ ಏನೋ.

ದೊಡ್ಡಕ್ಕ ಒರೆಸುತ್ತಿದ್ದ ಮೇಜನ್ನು ಒರೆಸಿ ಮುಗಿಸಿದಳು. ಆಮೇಲೆ ಹುಡುಗಿಗೆ, "ಇವಳಿಗೆ ಮಾಡಿಕೊಡಮ್ಮ. ನಂಗೆ ಬೇಡ. ಟೀ ಕಾಯಿಸೋಕೆ ಒಂದು ಮೂಲೆ ಬಿಡು ಸಾಕು. ಇಷ್ಟು ವರ್ಷ ಬೇಯಿಸಿ ಹಾಕಿದೀನಿ, ಇನ್ನು ನಾನೂ ಇವಳ ಹೋಟೆಲಿಗೆ ಗಿರಾಕಿ ಆಗ್ತೀನಿ," ಎಂದಳು.

ಇಬ್ಬರಿಗಾಗುವಷ್ಟು ಪುಟ್ಟ ಪಾತ್ರೆಯೊಂದನ್ನು ಚಿಕ್ಕವಳು ಮನಸ್ಸಿನಲ್ಲಿ ಕೊಂಡು ಆಗಿತ್ತು. ಅದು ಈಗ ನಾಲ್ಕು ಜನರದಾಯಿತು. ಕಣ್ಣು ತುಂಬಿಬಂದರೂ ಅವಳು ಚೌಕಾಸಿ ಬಿಡಲಿಲ್ಲ. ಮಧ್ಯಾಹ್ನಕ್ಕೆ ಮಾತ್ರ ಎಂದಳು, ಭಾನುವಾರ ರಜೆ ಎಂದಳು. ಭಾನುವಾರ ತಾವೇನು ಉಪವಾಸವೇ ಎಂದು ಭಾವ ಕೇಳಿದ್ದಕ್ಕೆ, ಈ ಬೀದಿಯಲ್ಲಿ ಬೇರೆ ಹೋಟೆಲಿಲ್ಲವೇ ಎಂದು ಅವಳ ಗಂಡ ಮೊದಲ ಸಲ ಹೆಂಡತಿಯ ಪಕ್ಷ ವಹಿಸಿದ.

ಹುಡುಗಿ ಬರೆದುಕೊಂಡಳು. ನಡುವಿನ ಗೋಡೆಗೆ ಒಂದು ಬಾಗಿಲು ಇಟ್ಟರೆ ಓಡಾಡಲು ಅನುಕೂಲ ಎಂದಳು. ಭಾವ ಇಡಿ ಎಂದರು, ದೊಡ್ಡಕ್ಕ ಬೇಡ ಎಂದಳು. "ಹಿಂಬಾಗಿಲಲ್ಲಿ ಓಡಾಡಿದ್ದು ಸಾಕು. ಮುಂದಿನ ಬಾಗಿಲಿಗೆ ಬಂದು ಬೆಲ್ ಒತ್ತುತೀನಿ. ಇವಳು ಬಂದು ತೆಗೀಲಿ."

ಇನ್ನು ಅಡುಗೆ ಕಟ್ಟೆಯ ಎತ್ತರ, ಸಾಮಾನ್ಯವಾಗಿ ಎಲ್ಲರಿಗೂ ಇಡುವಷ್ಟೇ ಇಡಲೇ ಎಂದು ಹುಡುಗಿ ಕೇಳಿದಳು. ಚಿಕ್ಕವಳು ಬೇಡ, ನನ್ನ ಅಳತೆಗೆ ಇಡಿ ಎಂದಳು. ಹುಡುಗಿ ಚೀಲದಿಂದ ಟೇಪು ತೆಗೆದು, ನೆಲದಿಂದ ಮೊಣಕೈವರೆಗೆ ಹಿಡಿಯಲು ಬಗ್ಗಿದಳು. ಚಿಕ್ಕವಳು ಹೊಸ ಬಟ್ಟೆಗೆ ಅಳತೆ ಕೊಡುವವಳಂತೆ ಉಸಿರು ಬಿಗಿಹಿಡಿದು ನೆಟ್ಟಗೆ ನಿಂತಳು.

"ಚಪ್ಪಲಿ ಬಿಚ್ಚಿ ನಿಲ್ಲೇ," ಎಂದಳು ದೊಡ್ಡಕ್ಕ, "ಅಳತೆ ತಪ್ಪುತ್ತೆ."