ಶನಿವಾರದ ಎರಡು ಗಂಟೆ

"ಇದು ಮಕ್ಕಳಿಗಲ್ಲ ಮಮ್, ಇದು ಕುಟುಂಬಗಳಿಗೆ."

ಕೌನ್ಸಿಲಿನ ಪೆನೆಲೊಪಿ ಮೇಡಂ ಬಾಗಿಲಿಗೆ ಅಡ್ಡ ನಿಂತು, ನನ್ನ ಮಗಳು ಕೆಲ್ಸಿಯ ಎದೆಗೆ ಎರಡು ಬೆರಳು ಒತ್ತಿ, ನಗುನಗುತ್ತಲೇ ಹೇಳಿದಳು. ಕೆಲ್ಸಿಗೆ ಹದಿಮೂರು. ಎತ್ತರದಲ್ಲಿ ನನ್ನಷ್ಟೇ ಇದ್ದಾಳೆ, ಬಲದಲ್ಲಿ ನನಗಿಂತ ಹೆಚ್ಚು. ಮಾತು ಬರುವುದಿಲ್ಲ. ಅವಳು ಮೇಡಮ್ಮಿನ ಬೆರಳನ್ನು ಒಮ್ಮೆ ನೋಡಿ, ಅದು ಅಲ್ಲಿ ಇಲ್ಲವೇ ಇಲ್ಲ ಎಂಬಂತೆ ಮುಂದೆ ನಡೆದಳು. ಮೇಡಂ ಹಿಂದೆ ಸರಿಯಬೇಕಾಯಿತು.

"ಮಕ್ಕಳ್ನ ಬುಟ್ಟು ಕುಟುಂಬ ಎಲ್ಲಿಂದ ತರ್ಲವ್ವಾ? ಅಂಗ್ಡೀಲಿ ಸಿಕ್ತದಾ?" ಅಂದೆ.

"ಮಮ್‌ಗೆ ಇವತ್ತು ಸ್ವಲ್ಪ ಒತ್ತಡ ಇದೆ ಅಂತ ಕಾಣುತ್ತೆ," ಎಂದು ಅವಳು ಪಕ್ಕದವನಿಗೆ ಹೇಳಿದಳು.

ನನ್ನ ಹೆಸರು ಡೆನೀಸ್. ಆದರೆ ಕೆಲ್ಸಿಗೆ ಕಾಯಿಲೆಯಲ್ಲದ ಈ ಕಾಯಿಲೆ ಇದೆಯೆಂದು ಕಾಗದ ಕೊಟ್ಟ ದಿನದಿಂದ ಡಾಕ್ಟರು, ಸ್ಕೂಲಿನವರು, ಕೌನ್ಸಿಲಿನವರು ಯಾರೂ ನನ್ನನ್ನು ಹೆಸರಿಟ್ಟು ಕರೆದಿಲ್ಲ. ಎಲ್ಲರಿಗೂ ನಾನು ಮಮ್, ಅಂದರೆ ಅಮ್ಮ. ನಿವೃತ್ತಿಗೆ ಹತ್ತಿರವಿರುವ ಬಕ್ಕತಲೆಯವನೂ "ಮಮ್ ಏನು ಹೇಳ್ತಾರೆ?" ಎನ್ನುತ್ತಾನೆ. ಇವರನ್ನೆಲ್ಲ ನಾನೇ ಹೆತ್ತಿದ್ದರೆ ಹುಟ್ಟಿದ ದಿನವೇ ಕಿವಿ ಹಿಂಡಿಬಿಡುತ್ತಿದ್ದೆ.

ಲ್ಯಾಂಕಾಶೈರಿನ ನಮ್ಮೂರಲ್ಲಿ ಮೊದಲು ಗಿರಣಿ ಮುಚ್ಚಿದರು, ಆಮೇಲೆ ಈಜುಕೊಳ ಮುಚ್ಚಿದರು, ಲೈಬ್ರರಿ ಮುಚ್ಚಿದರು. ಬಾಯಿ ಮಾತ್ರ ನಾವೇ ಮುಚ್ಚಿಕೊಂಡೆವು. ಉಳಿದದ್ದು ಈ ಹಳೇ ಪ್ರಾರ್ಥನಾ ಮಂದಿರದ ಹಾಲು, ಅದರಲ್ಲಿ ಕೆಲ್ಸಿಯಂಥ ನಮ್ಮ ಮಕ್ಕಳ ಶನಿವಾರದ ಕ್ಲಬ್ಬು. ಹತ್ತಕ್ಕೆ ಬಿಟ್ಟರೆ ಹನ್ನೆರಡಕ್ಕೆ ಕರೆದುಕೊಂಡು ಹೋಗಬೇಕು. ಒಳಗೆ ಅವರು ಕುಣಿಯುತ್ತಿದ್ದರು, ನೀರು ಚೆಲ್ಲುತ್ತಿದ್ದರು, ಕಿರುಚುತ್ತಿದ್ದರು, ಯಾರೂ ತಿರುಗಿ ನೋಡುತ್ತಿರಲಿಲ್ಲ. ಆ ಎರಡು ಗಂಟೆ ನಾನು ಏನು ಮಾಡುತ್ತಿದ್ದೆ ಗೊತ್ತೆ? ಮೂಲೆಯಂಗಡಿ ಪಕ್ಕದ ಲಾಂಡ್ರಿಯಲ್ಲಿ ಬಟ್ಟೆ ಹಾಕಿ, ಬಿಸಿ ಮೆಷಿನ್ನಿಗೆ ಬೆನ್ನು ಆನಿಸಿ ನಿದ್ದೆ ಮಾಡುತ್ತಿದ್ದೆ. ಕೆಲ್ಸಿ ರಾತ್ರಿ ಮಲಗುವವಳಲ್ಲ. ವಾರಕ್ಕೆಲ್ಲ ನನಗೆ ನಿದ್ದೆಯೆಂದು ಇದ್ದದ್ದು ಅದೊಂದೇ.

ಹೋದ ತಿಂಗಳು ಕ್ಲಬ್ಬನ್ನೂ ಮುಚ್ಚಿದರು. ಅದೇ ಹಾಲಿಗೆ ಬಣ್ಣ ಬಳಿದು, ಈ ಶನಿವಾರ ಬೆಳಿಗ್ಗೆ ಹತ್ತಕ್ಕೆ 'ಕುಟುಂಬ ಬೆಂಬಲ ಸಂಪನ್ಮೂಲ ಕೇಂದ್ರ'ದ ಉದ್ಘಾಟನೆ ಎಂದು ನಮ್ಮನ್ನೇ ಚಪ್ಪಾಳೆ ತಟ್ಟಲು ಕರೆದಿದ್ದರು. ಬಂದೆವು. ಶನಿವಾರ ಹತ್ತು ಗಂಟೆಗೆ ನಮ್ಮ ಮಕ್ಕಳನ್ನು ಬೇರೆ ದಾರಿಗೆ ತಿರುಗಿಸುವ ಶಕ್ತಿ ದೇವರಿಗೂ ಇಲ್ಲ. ಕೌನ್ಸಿಲಿನ ಠರಾವನ್ನು ಅವರ ಕಾಲಿಗೆ ಯಾರೂ ಓದಿ ಹೇಳಿರಲಿಲ್ಲ.

ಕೆಲ್ಸಿ ನುಗ್ಗಿದ ಹಿಂದೆಯೇ ಉಳಿದವರೂ ನುಗ್ಗಿದರು. ನಾವು ಹಿಂದೆ ಓಡಿದೆವು.

ಒಳಗೆ ನೋಡಿದರೆ ಕುಣಿಯುವ ಜಾಗದಲ್ಲಿ ಕಪಾಟುಗಳ ಸಾಲು. ಕಪಾಟಿನ ತುಂಬ ಬಣ್ಣಬಣ್ಣದ ಕರಪತ್ರ. ರುಖ್ಸಾನಾ ಒಂದನ್ನು ಎತ್ತಿಕೊಂಡಳು. ಅವಳು ನಮ್ಮ ಬೀದಿಯ ಕೊನೆಯ ಮನೆಯವಳು. ಮಗ ಹಾರೂನ್ ಕಂಡದ್ದನ್ನೆಲ್ಲ ನೆಕ್ಕುತ್ತಾನೆ.

"ಓದೇ ಡೆನೀಸ್, ಓದು. 'ನಿದ್ರೆ ಏಕೆ ಮುಖ್ಯ' ಅಂತೆ."

"ಯಾವನ್ ಬರ್ದೋನು?"

"ನಿದ್ದೆ ಮಾಡ್ದೋನು."

ಇನ್ನೊಂದು ಕರಪತ್ರದಲ್ಲಿ ಒಬ್ಬಳು ನೊರೆ ತುಂಬಿದ ತೊಟ್ಟಿಯಲ್ಲಿ ಮಲಗಿ ಕಣ್ಣು ಮುಚ್ಚಿದ್ದಳು. ಮೇಲೆ 'ನಿಮಗಾಗಿ ಸಮಯ' ಎಂದಿತ್ತು. ನಾನು ಬಾಗಿಲು ಹಾಕಿಕೊಂಡು ಸ್ನಾನ ಮಾಡಿ ಎಷ್ಟು ಕಾಲವಾಯಿತೋ. ಬಾಗಿಲು ಹಾಕಿದರೆ ಕೆಲ್ಸಿ ಹಣೆ ಚಚ್ಚಿಕೊಳ್ಳುತ್ತಾಳೆ. ಮೇಜಿನ ಮೇಲೆ ಪ್ರತಿ ಕುಟುಂಬಕ್ಕೂ ಒಂದು ಪುಟ್ಟ ಚೀಲ, ಚೀಲದಲ್ಲಿ ಒಣ ಲ್ಯಾವೆಂಡರ್ ಹೂವು. ಮೂಸಿದರೆ ಒತ್ತಡ ಇಳಿಯುತ್ತದಂತೆ. ಹಾರೂನ್ ಅಷ್ಟರಲ್ಲಿ ಒಂದು ಚೀಲ ಬಿಚ್ಚಿ ಬಾಯಿಗೆ ಹಾಕಿಕೊಂಡಿದ್ದ. ಇಡೀ ಕೇಂದ್ರದಲ್ಲಿ ಯಾರಿಗಾದರೂ ಪ್ರಯೋಜನವಾದದ್ದು ಅದೊಂದೇ.

ಗೋಡೆಯ ಮೇಲೆ ಹಲಗೆ ಹಾಕಿದ್ದರು. ಎಡಗಡೆ 'ನೀವು ಹೇಳಿದಿರಿ', ಬಲಗಡೆ 'ನಾವು ಮಾಡಿದೆವು'. ಈ ಹಲಗೆಯಿಲ್ಲದೆ ನಮ್ಮೂರಲ್ಲಿ ಕಕ್ಕಸು ಕೂಡ ಉದ್ಘಾಟನೆಯಾಗುವುದಿಲ್ಲ. ಎಡಗಡೆ 'ಶನಿವಾರ ನಮಗೆ ಬಹಳ ಮುಖ್ಯ' ಎಂದಿತ್ತು. ಬಲಗಡೆ: 'ಕೇಂದ್ರವನ್ನು ಶನಿವಾರವೇ ಉದ್ಘಾಟಿಸುತ್ತಿದ್ದೇವೆ.'

"ಥೂ ಇವ್ರ ಮಕಕ್ಕೆ ಮಣ್ಣಾಕ," ಎಂದಳು ರುಖ್ಸಾನಾ. ನಗು ತಡೆಯಲಾಗದೆ ಕಣ್ಣಲ್ಲಿ ನೀರು ಬಂತು ಅವಳಿಗೆ.

ಬಕ್ಕತಲೆಯ ಕೌನ್ಸಿಲರ್ ಹಾರ್ಗ್ರೀವ್ಸ್ ಕತ್ತರಿ ಹಿಡಿದು ಕಾಯುತ್ತಿದ್ದ. ಮಕ್ಕಳ ಗಲಾಟೆಗೆ ಒಂದು ಕಿವಿ ಮುಚ್ಚಿಕೊಂಡೇ ಭಾಷಣ ಶುರು ಮಾಡಿದ.

"ಕ್ಲಬ್ಬು ಮುಚ್ಚಿದ್ದು ನಮ್ಮ ನಿರ್ಧಾರವಲ್ಲ. ನಿಮ್ಮ ಮಾತನ್ನು ಆಲಿಸಿ ತೆಗೆದುಕೊಂಡ ನಿರ್ಧಾರ. ಹೋದ ಚಳಿಗಾಲದ ಸಭೆಯಲ್ಲಿ ಹೇಗಿದ್ದೀರಿ ಎಂದು ಪ್ರತಿಯೊಬ್ಬರನ್ನೂ ಕೇಳಿದೆವು. ಪ್ರತಿಯೊಬ್ಬರೂ 'ಏನೋ ನಡೀತದೆ' ಎಂದಿರಿ. ನಡೆಸಿಕೊಂಡು ಹೋಗುತ್ತಿರುವ ಕುಟುಂಬಗಳ ಮೇಲೆ ನಾವು ಸೇವೆಗಳನ್ನು ಹೇರಬಾರದಲ್ಲವೆ?"

ಆ ಸಭೆಯಲ್ಲಿ ಮೊದಲು ಹಾಗೆಂದವನು ಕ್ಲಿಫರ್ಡ್. ಎಪ್ಪತ್ತು ದಾಟಿದ ಮುದುಕ, ಮಗಳು ಸತ್ತ ಮೇಲೆ ಮೊಮ್ಮಗ ಡೆಕ್ಸ್ಟರನನ್ನು ಒಬ್ಬನೇ ಸಾಕುತ್ತಿದ್ದಾನೆ. ಅವನ ಮುಖ ಕೆಂಪಗಾಯಿತು.

"ಅದು ಮಾತಿಗ್ ಹೇಳಿದ್ದು ಕಣಯ್ಯಾ!" ಎಂದು ಕೂಗಿದ. "ಮನೆ ಹತ್ಕೊಂಡ್ ಉರೀತಿದ್ರೂ ಈ ಊರಲ್ಲಿ ಹಂಗೇ ಹೇಳದು. ನಮ್ಮಪ್ಪ ಸಾಯೋವಾಗ್ಲೂ ಡಾಕ್ಟ್ರಿಗೆ ಹಂಗೇ ಹೇಳ್ದ. ನೀನೂ ಇದೇ ಊರಲ್ಲಿ ಹುಟ್ಟಿದ್ ಬೋಳಿಮಗ ತಾನೆ, ನಿಂಗೊತ್ತಿಲ್ವಾ?"

"ದಯವಿಟ್ಟು ಭಾಷೆ," ಎಂದಳು ಪೆನೆಲೊಪಿ.

"ನಂಗ್ ಬರಾದು ಇದೊಂದೇ ಭಾಷೆ, ಚಿನ್ನ."

ಕ್ಲಿಫರ್ಡ್ ಹೇಳಿದ್ದು ಅರ್ಧ ಸತ್ಯ. ಉಳಿದರ್ಧ ಹೇಳಲು ಅವನಿಗೂ ಧೈರ್ಯವಿರಲಿಲ್ಲ, ನಮಗೂ ಇರಲಿಲ್ಲ. 'ನಡೆಯುತ್ತಿಲ್ಲ' ಎಂದು ಒಂದು ಸಲ ಬಾಯಿಬಿಟ್ಟವಳು ಮೂರನೇ ಬೀದಿಯ ಟ್ರೇಸಿ. ಅವಳ ಮಗನನ್ನು ಎಲ್ಲೋ ಸಮುದ್ರದ ಕಡೆಯ ಹಾಸ್ಟೆಲ್ಲಿಗೆ ಸಾಗಿಸಿದರು, ಈಗ ಫೋನಿನ ಪರದೆಯಲ್ಲಿ ನೋಡುತ್ತಾಳೆ. ನಡೆಯುತ್ತದೆ ಎಂದರೆ ಕ್ಲಬ್ಬು ಹೋಗುತ್ತದೆ, ನಡೆಯಲ್ಲ ಎಂದರೆ ಮಗಳು ಹೋಗುತ್ತಾಳೆ. ಇದರಲ್ಲಿ ಯಾವುದು ಬೇಕು ಎಂದು ಕೇಳುವ ಕರಪತ್ರ ಆ ಕಪಾಟಿನಲ್ಲಿ ಇರಲಿಲ್ಲ.

ಪೆನೆಲೊಪಿ ನನ್ನ ಹತ್ತಿರ ಬಂದು ದನಿ ತಗ್ಗಿಸಿದಳು. "ಮಮ್, ಮನೆಯಲ್ಲಿ ಕಷ್ಟವಾಗ್ತಿದ್ದರೆ ಹೇಳಿ. ಕೆಲ್ಸಿಗೆ ಬೇರೆ ವ್ಯವಸ್ಥೆ ನೋಡಬಹುದು."

ಕೆಲ್ಸಿಯನ್ನು ಹತ್ತಿರಕ್ಕೆ ಎಳೆದುಕೊಂಡೆ.

"ವ್ಯವಸ್ಥೆ ಬ್ಯಾಡ," ಅಂದೆ. "ಎರಡು ಗಂಟೆ ಕೊಡು ಸಾಕು."

"ಅದಕ್ಕೇ ತಾನೆ ಈ ಕೇಂದ್ರ? ಎರಡು ಗಂಟೆ ಬಿಡುವು ಮಾಡಿಕೊಳ್ಳುವುದು ಹೇಗೆ ಅಂತ ನಮ್ಮಲ್ಲಿ ಒಂದು ಕೋರ್ಸೇ ಇದೆ. ಆರು ವಾರ. ಆದರೆ ಮಕ್ಕಳನ್ನು ಕರೆತರುವ ಹಾಗಿಲ್ಲ."

ನಾನು ರುಖ್ಸಾನಾಳನ್ನು ನೋಡಿದೆ. ಅವಳ ನಗು ನಿಂತಿತ್ತು. ಹಾರೂನನ ಬಾಯಿಂದ ಹೂವು ತೆಗೆದು, ಬಾಯಿ ಒರೆಸಿ, ಅವನ ಕೋಟು ಬಿಚ್ಚಿ ಗೂಟಕ್ಕೆ ನೇತುಹಾಕಿದಳು. ಆಮೇಲೆ ಪೆನೆಲೊಪಿಯ ಕೈ ಹಿಡಿದು ಅದರಲ್ಲಿ ಹಾರೂನನ ಕೈ ಇಟ್ಟಳು.

"ಇವ್ನು ಸ್ವಿಚ್ಚು ನೆಕ್ತಾನೆ, ನೋಡ್ಕೋ. ಹನ್ನೆರಡಕ್ಕೆ ಬತ್ತೀನಿ."

"ಏನು? ಇಲ್ಲ, ಇಲ್ಲ, ಮಮ್…"

ನಾನು ಕೆಲ್ಸಿಯ ಕೋಟಿನ ಜಿಪ್ಪು ಎಳೆದೆ. ಅದು ಮಧ್ಯದಲ್ಲಿ ಸಿಕ್ಕಿಕೊಂಡಿತು. ಅವಳೇ ಕೋಟು ಕಿತ್ತು ಬಿಸಾಕಿ, ಕಪಾಟಿನ ಮೇಲಿನ ಕರಪತ್ರಗಳನ್ನು ಎರಡೂ ಕೈಯಲ್ಲಿ ಬಾಚಿ ಸೂರಿಗೆ ಎಸೆದಳು. ಅವು ತಲೆಯ ಮೇಲೆ ಉದುರಿದಾಗ ಅವಳು ನಕ್ಕ ಹಾಗೆ ನಗುವುದನ್ನು ಈ ತಿಂಗಳೆಲ್ಲ ನಾನು ಕೇಳಿರಲಿಲ್ಲ. ಮಕ್ಕಳೆಲ್ಲ ಕಪಾಟಿಗೆ ಮುಗಿಬಿದ್ದರು. ಹಾಲಿನ ತುಂಬ ಸಂಪನ್ಮೂಲ.

"ಅವ್ಳು ಕೂದ್ಲಿಗೆ ಕೈ ಹಾಕ್ತಾಳೆ," ಎಂದು ಹಾರ್ಗ್ರೀವ್ಸನಿಗೆ ಹೇಳಿದೆ. "ನಿಂಗೇನ್ ಭಯ ಇಲ್ಲ ಬುಡು."

ಒಬ್ಬೊಬ್ಬರಾಗಿ ಮಕ್ಕಳ ಕೋಟು ನೇತುಹಾಕಿ ಹೊರಗೆ ಬಂದೆವು. ಕ್ಲಿಫರ್ಡ್ ಮಾತ್ರ ಗೇಟಿನಲ್ಲೇ ನಿಂತ. "ಗೇಟಿನ್ ಚಿಲ್ಕ ಮುರ್ದೈತೆ. ಯಾವ್ದೂ ರಸ್ತೆಗ್ ಓಡ್ದಂಗೆ ನಾನ್ ನೋಡ್ಕತೀನಿ. ನೀವ್ ಕೂತ್ಕೊಳ್ರೀ, ಚಿನ್ನ."

ಎದುರಿನ ಮೋಟುಗೋಡೆಯ ಮೇಲೆ ಸಾಲಾಗಿ ಕೂತೆವು. ರುಖ್ಸಾನಾ ಮೂಲೆಯಂಗಡಿಯಿಂದ ಚಿಪ್ಸ್ ತಂದಳು. ವಿನಿಗರ್ ಸುರಿದ, ಕರಿದ ಆಲೂಗಡ್ಡೆಯ ಆ ಚಿಪ್ಸನ್ನು ಬಿಸಿ ಇರುವಾಗಲೇ ತಿಂದೆ. ಕಿಟಕಿಯಾಚೆ ಹಾರ್ಗ್ರೀವ್ಸ್ ಮೇಜು ಸುತ್ತುತ್ತಿದ್ದ, ಹಿಂದೆ ಡೆಕ್ಸ್ಟರ್ ಓಡುತ್ತಿದ್ದ. ಪೆನೆಲೊಪಿ ಒಂದು ಕೈಯಲ್ಲಿ ಹಾರೂನನನ್ನು, ಇನ್ನೊಂದು ಕೈಯಲ್ಲಿ ಫೋನನ್ನು ಹಿಡಿದಿದ್ದಳು.

ಸ್ವಲ್ಪ ಹೊತ್ತಿಗೆ ಕಿಟಕಿ ತೆರೆಯಿತು.

"ಮಕ್ಕಳನ್ನು ಬಿಟ್ಟು ಹೋದದ್ದು ಅಪರಾಧ!" ಎಂದು ಅವಳು ರಸ್ತೆಯಾಚೆಯಿಂದ ಕೂಗಿದಳು. ಮುಡಿ ಬಿಚ್ಚಿಹೋಗಿತ್ತು. "ಮಕ್ಕಳ ರಕ್ಷಣಾ ಇಲಾಖೆಯವರಿಗೆ ಹೇಳಿದ್ದೇನೆ. ಹೊರಟಿದ್ದಾರೆ. ಅವರು ಬರುವ ಮೊದಲು ಒಳಗೆ ಬಂದುಬಿಡಿ, ಏನೋ ತಪ್ಪು ತಿಳುವಳಿಕೆ ಅಂತ ಹೇಳ್ತೀನಿ."

ತಟ್ಟನೆ ಎದ್ದು ನಿಂತೆ. ಸಮುದ್ರದ ಕಡೆಯ ಹಾಸ್ಟೆಲ್ಲು ಕಣ್ಣಿಗೆ ಕಟ್ಟಿತು. ಒಳಗೆ ಕೆಲ್ಸಿ ಇನ್ನೂ ನಗುತ್ತಿದ್ದಳು. ಗೋಡೆಯ ಮೇಲಿದ್ದವರೆಲ್ಲ ನನ್ನ ಮುಖ ನೋಡಿದರು.

"ಎಷ್ಟು ಜನ ಬತ್ತಾವ್ರೆ?" ಎಂದು ಕೂಗಿದೆ.

"ಇಬ್ಬರು!"

"ಇಬ್ರು ಏನಕ್ಕೂ ಸಾಲ್ದು," ಅಂದೆ. "ಒಳ್ಗೆ ಹದ್ನಾಕು ಮಕ್ಕಳವ್ರೆ. ಇನ್ನೂ ನಾಕ್ ಜನ ಕಳ್ಸಕ್ಕೇಳು."

ಮತ್ತೆ ಗೋಡೆಯ ಮೇಲೆ ಕೂತೆ.