ಒಣ ಕೋರ್ಟಿನಲ್ಲಿ ಅಕ್ಕ

ಮಳೆ ನಿಲ್ಲಲಿ, ಆಮೇಲೆ ಆಡೋಣ ಎಂದು ಕಾಯುವವರಿಗೆ ನಮ್ಮೂರಿನಲ್ಲಿ ಟೆನಿಸ್ ಬರುವುದೇ ಇಲ್ಲ. ಇಲ್ಲಿ ಚಳಿಯೂ ಇಲ್ಲ, ಮಳೆಗೆ ಬಿಡುವೂ ಇಲ್ಲ. ಒಂದು ಮಳೆಗೂ ಇನ್ನೊಂದಕ್ಕೂ ನಡುವೆ ಕೋರ್ಟಿನ ನೀರನ್ನು ತಳ್ಳಿ, ಚೆಂಡನ್ನು ಉಟ್ಟ ಬಟ್ಟೆಗೇ ಒರೆಸಿಕೊಂಡು ವರ್ಷವಿಡೀ ಆಡುತ್ತೇವೆ. ನಾನು ದರ್ಜಿ. ಔಷಧಿ ಅಂಗಡಿ ನಡೆಸುವ ನನ್ನ ಅಕ್ಕ ನನಗೆ ಡಬಲ್ಸ್ ಜೋಡಿ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಯಾರು ಬೇಕಾದರೂ ನಗಲಿ, ನಮ್ಮ ನೆಲ ನಿಜಕ್ಕೂ ಡೊಂಕು.

ಹೊರಗಿನ ಪಂದ್ಯಗಳಲ್ಲಿ ನಾವು ಒಮ್ಮೆಯೂ ಗೆದ್ದವರಲ್ಲ. ಈ ಸಲ ಪಕ್ಕದ ಊರಿಗೆ ಆಡಲು ಹೋಗುವಾಗ ಅಕ್ಕ ಬಸ್ಸಿನ ಕಿಟಕಿಯ ಕಡೆ ಮುಖ ಮಾಡಿಕೊಂಡೇ ಹೇಳಿದಳು:

“ಇವತ್ತೂ ಸೋತ್ರೆ ರಾಕೆಟ್ ಅಟ್ಟಕ್ಕೆ ಹಾಕ್ತೀನಿ ಕಣೆ. ಮಂಡಿ ಹೇಳಿದ ಮಾತು ಕೇಳ್ತಿಲ್ಲ.”

“ನೆಗಡಿ ಬಂತು ಅಂತ ಯಾರಾದ್ರೂ ಮೂಗು ಕೊಯ್ಕೊಳ್ತಾರಾ? ದಿನಾ ನೆಗಡಿಗೆ ಮಾತ್ರೆ ಕೊಡೋಳು ನೀನು, ನಿಂಗೆ ನಾನು ಹೇಳ್ಬೇಕಾ?”

ಅವಳು ನಗಲಿಲ್ಲ. ನನಗೆ ಸಿಟ್ಟು ಬಂತು, ಸಿಟ್ಟಿಗಿಂತ ಹೆಚ್ಚು ಭಯವಾಯಿತು. ನಮ್ಮಿಬ್ಬರ ಮದುವೆಯಾದ ಮೇಲೆ ನಾವಿಬ್ಬರೇ ಒಟ್ಟಿಗಿರುವುದು ದಿನಾ ಬೆಳಿಗ್ಗೆ ನಮ್ಮೂರ ಕೋರ್ಟಿನಲ್ಲಿ ಆಡುವ ಆಟದಲ್ಲಿ ಮಾತ್ರ. ಅದೂ ಹೋದರೆ ಹಬೆಯಾಡುವ ಇಸ್ತ್ರಿಪೆಟ್ಟಿಗೆಯ ಜೊತೆ ಮಾತಾಡಿಕೊಂಡಿರಬೇಕಷ್ಟೆ.

ಆ ಊರಿನ ಕೋರ್ಟಿಗೆ ಚಾವಣಿ ಇತ್ತು. ನೆಲ ಒಣಗಿತ್ತು, ಚೆಂಡು ಹಗುರವಾಗಿ ಪುಟಿಯುತ್ತಿತ್ತು. ನೋಡಿ ಹೊಟ್ಟೆ ಉರಿಯಿತು. ನಮಗೆ ಎದುರಾಳಿಗಳು ಅತ್ತೆ ಸೊಸೆ. ಅವರ ಹೊಂದಾಣಿಕೆಗೆ ದೃಷ್ಟಿ ತೆಗೆಯಬೇಕು, ಹಾಗಿತ್ತು. ಮೊದಲ ಸೆಟ್ಟು ಕಣ್ಣು ಮುಚ್ಚಿ ಬಿಡುವಷ್ಟರಲ್ಲಿ ಹೋಯಿತು. ಎರಡನೆಯದರಲ್ಲೂ ಹಿಂದೆ ಬಿದ್ದೆವು.

ಆಗ ಒಂದು ಸಂಗತಿ ಕಣ್ಣಿಗೆ ಬಿತ್ತು. ಸೊಸೆ ಹಿಂಬದಿಯ ಎಡಮೂಲೆಯನ್ನು ಪೂರ್ತಿ ಖಾಲಿ ಬಿಟ್ಟು ಮಧ್ಯಕ್ಕೆ ಬಂದು ನಿಂತಿದ್ದಳು. ಯಾಕೆಂದರೆ ಅಲ್ಲಿಗೆ ನಾವು ಒಂದು ಚೆಂಡನ್ನೂ ಹೊಡೆದಿರಲಿಲ್ಲ. ನಮ್ಮ ಕೋರ್ಟಿನ ಎರಡೂ ತುದಿಗಳಲ್ಲಿ ಆ ಮೂಲೆಯೆಂದರೆ ಮಳೆನೀರು ನಿಂತ ಕೆರೆ. ಅಲ್ಲಿ ಬಿದ್ದ ಚೆಂಡು ನೀರು ಕುಡಿದು ಕಲ್ಲಾಗುತ್ತದೆ. ಅಲ್ಲಿಗೆ ಹೊಡೆದವರೇ ಅದನ್ನು ಹಿಂಡಬೇಕೆಂಬುದು ನಮ್ಮ ನಿಯಮ.

“ಅಕ್ಕ, ಆ ಮೂಲೇಲಿ ನೀರಿಲ್ಲ.”

ಅಕ್ಕ ಬಗ್ಗಿ ನೋಡಿದಳು.

“ಹೌದಲ್ವೇನೆ. ಮತ್ತೆ ಇಷ್ಟೊತ್ತು ಯಾರಿಗೆ ಮರ್ಯಾದೆ ಕೊಡ್ತಿದ್ವಿ?”

ಮುಂದಿನ ಚೆಂಡನ್ನು ಅಲ್ಲಿಗೇ ಬಾರಿಸಿದಳು. ಸೊಸೆ ತಿರುಗಿ ನೋಡುವುದರೊಳಗೆ ಅದು ಗೋಡೆ ಮುಟ್ಟಿತ್ತು. ಇನ್ನೊಂದನ್ನೂ ಅಲ್ಲಿಗೇ ಅಟ್ಟಿದಳು. ಅತ್ತೆ ಸೊಸೆಯನ್ನು ಗದರಿದರು, ಸೊಸೆ ಮುಖ ಊದಿಸಿಕೊಂಡಳು, ಸೆಟ್ಟು ನಮ್ಮದಾಯಿತು. ಆದರೆ ಮೂರನೆಯದರ ಹೊತ್ತಿಗೆ ಅವರು ರಾಜಿಯಾಗಿದ್ದರು, ಆ ಮೂಲೆಯನ್ನೂ ಕಾಯತೊಡಗಿದ್ದರು. ಕೂದಲೆಳೆಯಲ್ಲಿ ನಾವು ಸೋತೆವು.

ಬಲೆಯ ಬಳಿ ಕೈಕುಲುಕುವಾಗ ಅಕ್ಕನ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ. ಅವಳು ಅತ್ತೆಯ ಕೈ ಹಿಡಿದವಳು ಬಿಡಲೇ ಇಲ್ಲ.

“ಮುಂದಿನ ತಿಂಗಳು ನೀವಿಬ್ರೂ ನಮ್ಮೂರಿಗೆ ಬನ್ನಿ. ಅಲ್ಲಿ ಆಡೋಣ.”

“ಅಲ್ಲಿ ಮಳೆ ಇರುತ್ತಲ್ಲ?” ಎಂದರು ಅತ್ತೆ.

“ಇದ್ದೇ ಇರುತ್ತೆ. ಅದಕ್ಕೇ ಕರೀತಿರೋದು.”

ಆಮೇಲೆ ನನ್ನ ಕಡೆ ತಿರುಗಿದಳು.

“ಏನೇ ಹಲ್ಲು ಕಿರೀತಾ ನಿಂತಿದೀಯ? ನಡಿ, ಬಸ್ ಹೋಗುತ್ತೆ. ಬೆಳಿಗ್ಗೆ ಬೇಗ ಏಳ್ಬೇಕು.”

ಇಬ್ಬರ ಚೀಲವನ್ನೂ ನಾನೇ ಹೊತ್ತೆ. ಸೋತು ಅಷ್ಟು ಖುಷಿಪಟ್ಟದ್ದು ನನ್ನ ಜನ್ಮದಲ್ಲಿ ಅದೇ ಮೊದಲು.