ಹರಗೋಲು ಬೋರಲು ಹಾಕುವ ಹೊತ್ತು

ಅಕ್ಕಂದಿರೇ, ಅಣ್ಣಂದಿರೇ, ಮನೆಯಲ್ಲಿ ಒಬ್ಬರು ಹಾಸಿಗೆ ಹಿಡಿದರೆ ನಮ್ಮ ಕಡೆ ಏನಾಗುತ್ತದೆ ಎಂದು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ನೋಡಲು ಬಂದವರೆಲ್ಲ ವೈದ್ಯರಾಗುತ್ತಾರೆ. ಒಬ್ಬರು ಎಣ್ಣೆ ಹಚ್ಚು ಎನ್ನುತ್ತಾರೆ, ಇನ್ನೊಬ್ಬರು ಹರಕೆ ಹೊತ್ತುಕೋ ಎನ್ನುತ್ತಾರೆ, ಲೊಚಗುಟ್ಟಿ ಎದ್ದು ಹೋಗುತ್ತಾರೆ. ಹೊದಿಕೆ ಎತ್ತಿ ಬೆನ್ನು ನೋಡುವವರು ಒಬ್ಬರೂ ಇಲ್ಲ. ನನಗೆ ಇದರ ಮೇಲೆ ಬಹಳ ಸಿಟ್ಟಿದೆ. ಅದಕ್ಕೇ ಈ ಕಥೆ ಹೇಳುತ್ತಿದ್ದೇನೆ.

ಇದು ನಿಜಾಮರ ಆಳ್ವಿಕೆಯ ಕೊನೆಯ ವರ್ಷಗಳ ಮಾತು. ತಿಂಥಣಿಯ ಹತ್ತಿರ ಕೃಷ್ಣೆಯ ದಂಡೆಯ ಒಂದು ಹಳ್ಳಿ. ಅಲ್ಲಿ ಹೊಳೆ ದಾಟಬೇಕೆಂದರೆ ಭಾಗಣ್ಣನ ಹರಗೋಲೇ ಗತಿ. ಹರಗೋಲು ಎಂದರೆ ಬಿದಿರಿನ ದೊಡ್ಡ ಬುಟ್ಟಿಗೆ ತೊಗಲು ಹೊದಿಸಿದ ದುಂಡನೆಯ ದೋಣಿ. ಭಾಗಣ್ಣ ಅದನ್ನು ತಾನೇ ಹೆಣೆಯುತ್ತಿದ್ದ, ತಾನೇ ನಡೆಸುತ್ತಿದ್ದ. ಒಂದು ದಿನ ಹುಣಸೆ ಬಡಿಯಲು ಮರ ಹತ್ತಿದ, ಟೊಂಗೆ ಮುರಿದು ಬೆನ್ನ ಮೇಲೆ ಬಿದ್ದ. ಮಂದಿ ಓಡಿ ಬಂದು, ಕೈಕಾಲು ಹಿಡಿದು, ಜೋಳದ ಚೀಲ ಎತ್ತುವಂತೆ ಎತ್ತಿ ಮನೆಗೆ ತಂದರು. ಅಂದಿನಿಂದ ಅವನ ಸೊಂಟದ ಕೆಳಗೆ ಜೀವವೇ ಇಲ್ಲದಂತಾಯಿತು.

ಎಲುಬು ಕಟ್ಟುವವನು ಬಂದು, ಅಲುಗಾಡಿಸಬೇಡಿ ಎಂದು ಹೇಳಿ ಹೋದ. ಭಾಗಣ್ಣನ ತಾಯಿ ಹಣಮಂತಮ್ಮ ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡಳು. ತಿಂಗಳು ದಾಟಿತು. ಮಗ ಹೊರಸಿನ ಮೇಲೆ ಅಂಗಾತ ಮಲಗಿಯೇ ಇದ್ದ. ಮನೆಯಲ್ಲಿ ಉಳಿದ ಯಾರಿಗೂ ಕೂತಲ್ಲಿ ಕೂರಲು ಆಗುತ್ತಿರಲಿಲ್ಲ. ಹಣಮಂತಮ್ಮ ಒಳಗೆ ಬರುತ್ತಿದ್ದಳು, ಹೊರಗೆ ಹೋಗುತ್ತಿದ್ದಳು, ಯಾಕೆ ಬಂದೆ ಎಂಬುದನ್ನೇ ಮರೆಯುತ್ತಿದ್ದಳು. ಹೆಂಡತಿ ಮೌನಮ್ಮ ಬೀಸುತ್ತಿದ್ದ ಹಿಟ್ಟು ಬಿಟ್ಟು ಎದ್ದು ಬಂದು ಗಂಡನ ಹಣೆ ಮುಟ್ಟುತ್ತಿದ್ದಳು. ಹಣೆ ಸುಡುತ್ತಿತ್ತು. ಕೋಣೆಯಲ್ಲಿ ಒಂದು ಕೆಟ್ಟ ವಾಸನೆ ಶುರುವಾಗಿತ್ತು, ಅದರ ಮಾತನ್ನು ಯಾರೂ ಎತ್ತುತ್ತಿರಲಿಲ್ಲ.

ಆಗ ಊರಿಗೆ ಚಾಂದಬೀ ಬಂದಳು. ಇದೇ ಊರ ಮಗಳು, ಮೌನಮ್ಮನ ಜೊತೆ ಆಡಿ ಬೆಳೆದವಳು. ಹೈದರಾಬಾದಿನ ದವಾಖಾನೆಯೊಂದರಲ್ಲಿ ರೋಗಿಗಳ ಆರೈಕೆ ಮಾಡುವ ನರ್ಸು. ತಂಗಿಯ ಬಾಣಂತನಕ್ಕೆಂದು ಕೆಲವು ತಿಂಗಳ ರಜೆ ಹಾಕಿ ಬಂದಿದ್ದಳು. ಮೌನಮ್ಮ ಅವಳ ಕೈ ಹಿಡಿದು ಎಳೆದುಕೊಂಡೇ ಬಂದಳು.

ಅವರು ಒಳಗೆ ಬಂದಾಗ ಹಣಮಂತಮ್ಮ ಹೊಳೆಯ ಉಸುಕನ್ನು ಹೆಂಚಿನ ಮೇಲೆ ಹುರಿದು, ಬಟ್ಟೆಯಲ್ಲಿ ಗಂಟು ಕಟ್ಟಿ, ಮಗನ ಹಿಮ್ಮಡಿಗೆ ಶಾಖ ಕೊಡುತ್ತಿದ್ದಳು.

"ಬಾ ಯವ್ವಾ ಚಾಂದಬೀ," ಎಂದಳು. "ನೋಡು, ಮೊದಲ ಇಷ್ಟ ಬಿಸಿ ತಡಕೊಳ್ತಿದ್ದಿಲ್ಲ ಇಂವ. ಈಗ ಎಷ್ಟ ಕಾಸಿದ್ರೂ ಹಾ ಅನ್ನಂಗಿಲ್ಲ. ನರಾ ಗಟ್ಟಿ ಆಗಾಕತ್ತಾವ."

ಚಾಂದಬೀ ಗಂಟನ್ನು ಕಿತ್ತುಕೊಂಡು ಮುದುಕಿಯ ಮುಂಗೈಗೆ ಹಚ್ಚಿದಳು. ಹಣಮಂತಮ್ಮ ಕೈ ಕೊಡವಿ ಹಿಂದಕ್ಕೆ ಸರಿದಳು.

"ಹುಚ್ಚಿ ಇದ್ದೀಯೇನ? ಸುಡ್ತದ."

"ನಿನಗ ಸುಡ್ತದ ದೊಡ್ಡವ್ವ. ಅಂವಗ ಸುಟ್ಟದ್ದು ಗೊತ್ತ ಆಗಂಗಿಲ್ಲ. ಹಿಮ್ಮಡಿ ನೋಡಿಲ್ಲಿ."

ಹಿಮ್ಮಡಿಯ ಮೇಲೆ ಬೊಬ್ಬೆ ಎದ್ದು ಒಡೆದಿತ್ತು. ಹಣಮಂತಮ್ಮ ಬಗ್ಗಿ ಅದನ್ನು ನೋಡಿದಳು. ದಿನಾ ಪ್ರೀತಿಯಿಂದಲೇ ಕೊಟ್ಟ ಶಾಖ ಅದು.

ಚಾಂದಬೀ ಭಾಗಣ್ಣನ ತಲೆಯ ಹತ್ತಿರ ಕೂತಳು. ಅವನ ತುಟಿಗಳು ಒಣಗಿ ಬಿರಿದಿದ್ದವು.

"ಅಣ್ಣಾ, ನೀರು ಕುಡಿಯಾಕತ್ತೀಯೋ ಇಲ್ಲೋ?"

ಭಾಗಣ್ಣ ಗೋಡೆಯ ಕಡೆ ಮುಖ ಮಾಡಿದ. "ಕುಡದ್ರ ಹಾಸಿಗಿ ತೋಯ್ತದ. ತೊಳಿಯೂದು ಅವ್ವ. ನನ್ನ ಹೊಳಿಗೆ ಹಾಕಿಬಿಡ್ರಿ, ಎಲ್ಲಾರಿಗೂ ಚಲೋ."

"ಹೊಳಿ ದಂಡ್ಯಾಗ ಹುಟ್ಟಿ ನೀರಿಗೆ ಹೆದರ್ತೀ? ನೀರು ಕಮ್ಮಿ ಆದ್ರ ಉಚ್ಚಿ ಕೆಡ್ತದ, ಜ್ವರ ಬರ್ತದ. ತೋದ್ರ ಬಟ್ಟಿ ತೊಳಿತೀವಿ. ನೀ ಹೋದ್ರ ಏನ ತೊಳಿಯೂಣು?" ಎಂದಳು ಚಾಂದಬೀ. ಗಡಸು ಮಾತು, ಆದರೆ ಹೇಳುವಾಗ ಅವಳ ಕಣ್ಣು ತುಂಬಿದ್ದವು. ಮೌನಮ್ಮ ನೀರು ತಂದಳು, ಅವನು ಕುಡಿದ.

"ಈಗ ಇವನ್ನ ಮಗ್ಗಲಾ ಮಾಡೂಣು. ಬೆನ್ನು ನೋಡ್ಬೇಕು," ಎಂದು ಚಾಂದಬೀ ಎದ್ದಳು.

ಹಣಮಂತಮ್ಮ ಹೊರಸಿಗೆ ಅಡ್ಡ ನಿಂತಳು. "ಬ್ಯಾಡ. ಎಲಬು ಕೂಡಾಕತ್ತದ. ಅಲುಗಿದ್ರ ಎಲ್ಲಾ ಹಾಳ. ತಿಂಥಣಿ ಮೌನೇಶ್ವರನ ಗುಡಿಗೆ ಒಯ್ದು ಮಲಗಸ್ತೀನಿ, ಅಂವ ಎಬ್ಬಸಲಿ."

"ಗುಡಿಗೆ ಒಯ್ಯಿ, ನಾನೂ ಬರ್ತೀನಿ. ಆದ್ರ ಅಲ್ಲಿ ಹೋಗೂದಕ್ಕ ಇಂವ ಉಳೀಬೇಕಲ್ಲ ದೊಡ್ಡವ್ವ. ಬಿದ್ದ ದಿನಾ ಅಲುಗಿಸಬಾರದಿತ್ತು, ಖರೆ. ಅವತ್ತ ಚೀಲದಂಗ ಎತ್ತಿ ತಂದೀರಂತ. ಈಗ ಹುಷಾರಿಂದ ಮಗ್ಗಲಿಗೆ ಹೊಳ್ಳಸಬೇಕು, ಈಗ ಮುಟ್ಟಬ್ಯಾಡ ಅಂತೀರಿ. ತಲಿ, ಸೊಂಟ, ಕಾಲು ಮೂರೂ ಕೂಡೇ ಹೊಳ್ಳಿಸಿದ್ರ ಏನೂ ಆಗಂಗಿಲ್ಲ."

ಮೌನಮ್ಮ ಅತ್ತೆಯ ಮುಖ ನೋಡಲಿಲ್ಲ. ಅವಳನ್ನು ಬಳಸಿ ಬಂದು ಗಂಡನ ಸೊಂಟದ ಹತ್ತಿರ ನಿಂತಳು. ಮದುವೆಯಾಗಿ ಬಂದಾಗಿನಿಂದ ಅವಳು ಅತ್ತೆಯ ಮಾತು ಮೀರಿದ್ದು ಅದೇ ಮೊದಲು. ಇಬ್ಬರೂ ಕೂಡಿ ಭಾಗಣ್ಣನನ್ನು ನಿಧಾನಕ್ಕೆ ಮಗ್ಗುಲಾಗಿಸಿದರು. ಬಾಲದ ಎಲುಬಿನ ಮೇಲೆ ಚರ್ಮ ಕಪ್ಪಾಗಿ ಕೊಳೆತು ಅಂಗೈ ಅಗಲದ ಗಾಯವಾಗಿತ್ತು. ಕೋಣೆಯ ವಾಸನೆ ಅದರದ್ದೇ ಆಗಿತ್ತು.

ಹಣಮಂತಮ್ಮ ಒಂದು ಸಲ ನೋಡಿದಳು. ಸೆರಗು ಬಾಯಿಗೆ ಒತ್ತಿಕೊಂಡು ಹೊರಗೆ ಹೋದವಳು ಹೊಳೆಯ ದಂಡೆಯಲ್ಲಿಯೇ ನಿಂತಳು.

ಅಲ್ಲಿ ಕಿರಿಯ ಮಗ ರಾಮಣ್ಣ ಆಗಷ್ಟೇ ಆಚೆ ದಂಡೆಯಿಂದ ಬಂದಿದ್ದ. ಅಣ್ಣ ಬಿದ್ದ ಮೇಲೆ ಹರಗೋಲು ಅವನ ಪಾಲಿಗೆ ಬಂದಿತ್ತು. ಅವಸರದ ಹುಡುಗ. ಹರಗೋಲನ್ನು ದಂಡೆಗೆ ಎಳೆದು, ಬೋರಲು ಹಾಕದೆ, ಹಸಿ ನೆಲದ ಮೇಲೆ ಹಾಗೆಯೇ ಬಿಟ್ಟು ಬೀಡಿ ಹಚ್ಚುತ್ತಿದ್ದ. ಮುದುಕಿಗೆ ಒಳಗಿನ ಸಂಕಟವೆಲ್ಲ ಅವನ ಮೇಲೆ ಬಂತು.

"ಲೇ ಮೂಳಾ, ಡಬ್ಬ ಹಾಕೋ ಅದನ್ನ. ಎಷ್ಟ ಸಲ ಹೇಳ್ಬೇಕ ನಿನಗ? ಅಂಬಿಗರ ಮನ್ಯಾಗ ಹುಟ್ಟಿ ಇಷ್ಟೂ ತಿಳಿಯಂಗಿಲ್ಲೇನ?"

"ಈಗ ಮತ್ತ ಹೋಗೂದದ ಬೇ. ಎದಕ್ಕ ಡಬ್ಬ ಹಾಕ್ಲಿ?"

"ಎದಕ್ಕಂತ ಕೇಳ್ತೀಯಾ? ತೊಗಲು ಅದು. ಒಂದ ಮಗ್ಗಲಾ ಹಸೀದಾಗ ಬಿದ್ರ ಕೊಳಿತದ. ಹೊಳ್ಳಿಸಿ ಗಾಳಿಗೆ ಹಾಕ್ಬೇಕು. ಇಲ್ಲಂದ್ರ ಮುಂದಿನ ಸಲ ನಡುನೀರಾಗ ತೂತು..."

ಮಾತು ಅಲ್ಲಿಗೇ ನಿಂತಿತು. ಹಣಮಂತಮ್ಮ ತನ್ನ ಮಾತನ್ನು ತಾನೇ ಕೇಳಿಸಿಕೊಂಡಿದ್ದಳು. ಮದುವೆಯಾದಾಗಿನಿಂದ ಗಂಡನಿಗೆ, ಮಕ್ಕಳಿಗೆ ಇದನ್ನೇ ಹೇಳುತ್ತ ಬಂದವಳು. ಸತ್ತ ದನದ ತೊಗಲಿಗೆ ಇಷ್ಟು ಜತನ ಮಾಡಿದವಳು, ಹೆತ್ತ ಮಗನ ತೊಗಲನ್ನು ಒಂದೇ ಮಗ್ಗುಲಿಗೆ, ತೋಯ್ದ ಕೌದಿಯ ಮೇಲೆ ತಿಂಗಳಿಗೂ ಮೀರಿ ಬಿಟ್ಟಿದ್ದಳು. ಅವಳಿಗೆ ಅಳು ಬಂತು. ಅತ್ತುಕೊಂಡೇ ಮನೆಗೆ ಓಡಿದಳು.

"ಹೆಂಗ ಹೊಳ್ಳಸೂದು, ನನಗೂ ತೋರ್ಸು," ಎಂದಳು ಚಾಂದಬೀಗೆ. "ಬಡಾಬಡಾ ತೋರ್ಸು."

ಮರುದಿನ ಮರಿಲಿಂಗಪ್ಪ ಎಂಬ ಬಡಿಗ ಒಂದು ಅಗಲ ಹಲಗೆ ಕೊಟ್ಟ. ಅದರ ಮೇಲೆ ಮೆತ್ತಗೆ ಹಾಸಿ, ಭಾಗಣ್ಣನನ್ನು ಮಗ್ಗುಲಾಗಿ ಮಲಗಿಸಿ, ಬಂಡಿಯಲ್ಲಿ ಸುರಪುರದ ದವಾಖಾನೆಗೆ ಒಯ್ದರು. ಡಾಕ್ಟರು ಕೊಳೆತದ್ದನ್ನು ತೆಗೆದು ಗಾಯ ತೊಳೆದು ಕಟ್ಟಿದರು, ಜ್ವರಕ್ಕೆ ಔಷಧ ಕೊಟ್ಟರು, ಜ್ವರ ಇಳಿಯುವ ತನಕ ಅಲ್ಲಿಯೇ ಇರಿಸಿಕೊಂಡರು. ಹಣಮಂತಮ್ಮ ತಡೆಯಲಾರದೆ ಕೇಳಿದಳು. "ಕಾಲು ಬರ್ತಾವೇನ್ರಿ, ಡಾಕ್ಟರಸಾಬ?"

"ಬರ್ತಾವ ಅಂತ ಸುಳ್ಳು ಹೇಳಂಗಿಲ್ಲಮ್ಮಾ. ಆದ್ರ ಕೈ ಅವ, ತಲಿ ಅದ, ಜೀವ ಅದ. ಅವನ್ನ ಕಾಯ್ರಿ."

ಮನೆಗೆ ಬಂದ ಮೇಲೆ ಕೆಲಸ ಶುರುವಾಯಿತು. ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಬೇಕು ಎಂದಿದ್ದಳು ಚಾಂದಬೀ. ಆ ಮನೆಯಲ್ಲಿ ಗಡಿಯಾರ ಎಲ್ಲಿಂದ ಬರಬೇಕು? ಹೊಳೆಯೇ ಗಡಿಯಾರವಾಯಿತು. ರಾಮಣ್ಣ ಆಚೆ ದಂಡೆಗೆ ಹೋಗಿ, ಮಂದಿ ತುಂಬಿಸಿಕೊಂಡು ಹೆಚ್ಚುಕಡಿಮೆ ಎರಡು ತಾಸಿಗೆ ತಿರುಗಿ ಬಂದು, ಹರಗೋಲನ್ನು ಬೋರಲು ಹಾಕಿ "ಡಬ್ಬ ಹಾಕೀನಿ" ಎಂದು ಕೂಗುತ್ತಿದ್ದ. ಕೂಗು ಕೇಳಿದೊಡನೆ ಮನೆಯಲ್ಲಿ ಭಾಗಣ್ಣನ ಮಗ್ಗುಲು ಬದಲಾಗುತ್ತಿತ್ತು. ರಾತ್ರಿ ಅತ್ತೆ ಸೊಸೆ ಸರದಿ ಹಚ್ಚಿಕೊಂಡರು. ಹಿಮ್ಮಡಿ ಹಾಸಿಗೆಗೆ ತಾಗದಂತೆ ಮೀನಖಂಡದ ಕೆಳಗೆ ಹಳೆಯ ಸೀರೆಯ ಮೆತ್ತೆ. ಹೊಳ್ಳಿಸಿದಾಗಲೆಲ್ಲ ಚರ್ಮ ನೋಡುವುದು. ಎಲ್ಲಾದರೂ ಕೆಂಪಾದರೆ, ಅದು ಹೋಗುವ ತನಕ ಆ ಜಾಗದ ಮೇಲೆ ಭಾರ ಬೀಳದಂತೆ ಮಲಗಿಸುವುದು. ಬೆಳಗ್ಗೆ ಮೌನಮ್ಮ ಅವನ ಕಾಲುಗಳನ್ನು ನಿಧಾನವಾಗಿ ಮಡಚಿ ಚಾಚಿ, ಕೀಲು ಸೆಟೆಯದಂತೆ ನೋಡಿಕೊಳ್ಳುತ್ತಿದ್ದಳು. ಬೇಸರವಾಗುತ್ತಿರಲಿಲ್ಲವೇ? ಆಗುತ್ತಿತ್ತು. ಜಗಳವೂ ಆಗುತ್ತಿತ್ತು. ಜಗಳಾಡುತ್ತಲೇ ಹೊಳ್ಳಿಸುತ್ತಿದ್ದರು.

ಗಾಯ ಬಹಳ ನಿಧಾನವಾಗಿ ತುಂಬಿತು. ಆಮೇಲೆ ರಾಮಣ್ಣ ತೊಲೆಗೆ ಹಗ್ಗ ಕಟ್ಟಿಕೊಟ್ಟ. ಭಾಗಣ್ಣ ಅದನ್ನು ಹಿಡಿದು ತಾನೇ ಎದ್ದು ಕೂರಲು ಕಲಿತ. ಕೂತರೂ ಚಾಂದಬೀ ಬಿಡಲಿಲ್ಲ. "ಆಗಾಗ ಎರಡೂ ಕೈ ಊರಿ ಕುಂಡಿ ಎತ್ತಣ್ಣಾ. ಕುಂತ ಜಾಗಾನೂ ಕೊಳಿತದ." ಬಡಿಗ ಮರಿಲಿಂಗಪ್ಪ ಅದೇ ಹಲಗೆಗೆ ಸಣ್ಣ ಗಾಲಿ ಬಡಿದ. ಅದರ ಮೇಲೆ ದಪ್ಪ ಮೆತ್ತೆ ಹಾಕಿ ಭಾಗಣ್ಣನನ್ನು ಕೂರಿಸಿ ಹೊಳೆಯ ದಂಡೆಗೆ ತಂದರು. ಎಷ್ಟೋ ದಿನಗಳ ಮೇಲೆ ನೀರು ನೋಡಿದ. ಸ್ವಲ್ಪ ಹೊತ್ತು ಚಡಪಡಿಸಿದ, ಆಮೇಲೆ ಬಿದಿರು ಸೀಳುತ್ತಿದ್ದ ತಮ್ಮನ ಕಡೆ ಕೈ ಚಾಚಿದ. "ಆ ಬಿದರು ಕೊಡಲೇ ಇಲ್ಲಿ. ನೀ ಸೀಳಿದ್ದು ನೋಡಾಕ ಆಗವಲ್ದು."

ಚಾಂದಬೀ ಹೈದರಾಬಾದಿಗೆ ಮರಳಿದಳು. ಭಾಗಣ್ಣ ಹೆಣೆಯುತ್ತಲೇ ಇದ್ದ.

ಮುಂದಿನ ಮಳೆಗಾಲ ಕಳೆದ ಮೇಲೆ ಆಚೆ ದಂಡೆಯಿಂದ ದೂರದ ನೆಂಟನೊಬ್ಬ ನೋಡಲು ಬಂದ. ದಂಡೆಯಲ್ಲಿ ಕೂತಿದ್ದ ಭಾಗಣ್ಣನನ್ನು ನೋಡಿ ಲೊಚಗುಟ್ಟಿದ. "ಎಷ್ಟ ದಿನಾ ಅಂತ ಹಿಂಗ ಕುಂದ್ರಸ್ತೀ ಹಣಮವ್ವಾ? ಇಂವ ಇನ್ನ ಯಾವ ಕೆಲಸಕ್ಕ ಬಂದಾನು?"

ಹಣಮಂತಮ್ಮ ಎದ್ದು ನಿಂತಳು. "ಹೊಳಿ ಹೆಂಗ ದಾಟಿ ಬಂದಿ ನೀ?"

"ಹರಗೋಲಾಗ."

"ಆ ಹರಗೋಲು ಹೆಣದಾಂವ ಇಂವ. ಕುಂತಾಂವನ ಕೈ ನಂಬಿ ನಡುನೀರಾಗ ಕಾಲೂರಿ ನಿಂತ ಬಂದೀದಿ. ಈಗ ದಂಡಿ ಮುಟ್ಟಿದ ಮ್ಯಾಲ ಯಾವ ಕೆಲಸಕ್ಕ ಬಂದಾನು ಅಂತ ಕೇಳ್ತೀಯಾ?"

ಅಷ್ಟರಲ್ಲಿ ರಾಮಣ್ಣ ಹರಗೋಲು ಬೋರಲು ಹಾಕಿ ಕೂಗಿದ. ಭಾಗಣ್ಣ ಎರಡೂ ಕೈ ಊರಿ ಮೈ ಎತ್ತಿದ, ಮತ್ತೆ ಕೂತ, ಬಿದಿರು ಕೈಗೆ ತೆಗೆದುಕೊಂಡ.

ಕೇಳಿದಿರಲ್ಲ? ಈಗ ನಿಮ್ಮ ಮಾತು. ನಿಮ್ಮ ಓಣಿಯಲ್ಲಿಯೂ ಬೆನ್ನುಹುರಿಗೆ ಪೆಟ್ಟಾಗಿ ಮಲಗಿದವರು ಇರಬಹುದು. ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಿ. ಹಾಸಿಗೆ ಒಣಗಿರಲಿ. ಸ್ಪರ್ಶ ತಿಳಿಯದ ಕಾಲಿಗೆ ಬಿಸಿ ತಾಗಿಸಬೇಡಿ. ನೀರು ಕುಡಿಸಿ. ಮಲ ಮೂತ್ರದ ತೊಂದರೆಗೆ, ಕೆಂಪಾದ ಚರ್ಮಕ್ಕೆ, ಜ್ವರಕ್ಕೆ ನಾಳೆ ನೋಡೋಣ ಎನ್ನದೆ ದವಾಖಾನೆಗೆ ಹೋಗಿ, ಕೈಗೆ ಯಾವ ಕೆಲಸ ಕಲಿಸಬಹುದು ಎಂದೂ ಅಲ್ಲಿ ಕೇಳಿ. ಮರದಿಂದಲೋ ಬಣವೆಯಿಂದಲೋ ಯಾರಾದರೂ ಬಿದ್ದರೆ ಕೈಕಾಲು ಹಿಡಿದು ಎತ್ತಬೇಡಿ, ಹಲಗೆ ತನ್ನಿ. ಬೆಂಕಿ ಬಿದ್ದ ಮೇಲೆ ಬಾವಿ ತೋಡಿದರೆ ಏನು ಬಂತು? ಕಥೆ ಚೆನ್ನಾಗಿತ್ತು ಎಂದು ತಲೆದೂಗಿ ಕೂರಬೇಡಿ. ಏಳಿ, ಆ ಮನೆಗೆ ಹೋಗಿ, ಹೊದಿಕೆ ಎತ್ತಿ ಬೆನ್ನು ನೋಡಿ.